ಕಣಶಿಲೆಯ ಖಾಲಿ ಕಪಾಟು

ಡಾಕ್ಟರರನ್ನು ಕಂಡರೆ ಜನ ಮದುವೆ ಮನೆಯಲ್ಲೂ ಮಂಡಿನೋವಿನ ಸುದ್ದಿ ತೆಗೆಯುತ್ತಾರಂತೆ. ನನ್ನದು ಭೂವಿಜ್ಞಾನ. ನನ್ನನ್ನು ಕಂಡರೆ ಬತ್ತಿದ ಬಾವಿಯ ಸುದ್ದಿ ತೆಗೆಯುತ್ತಾರೆ, ಅಡುಗೆಮನೆಯ ಸ್ಲ್ಯಾಬು ಬಿರುಕು ಬಿಟ್ಟದ್ದನ್ನು ಹೇಳುತ್ತಾರೆ, ಉಂಗುರ ಕಳಚಿ ಕೈಗೆ ಕೊಟ್ಟು ಹರಳು ಅಸಲಿಯಾ ಅಂತ ಕೇಳುತ್ತಾರೆ. ಉಡುಪಿ ಹತ್ತಿರದ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಲ್ಲಿನ ಪಾಠ ಮಾಡುತ್ತಿದ್ದೇನೆ, ಇಂಥದ್ದೊಂದು ಆಗದೆ ವಾರ ಕಳೆದದ್ದು ನೆನಪಿಲ್ಲ. ನಮ್ಮದು ಕಾಪುವಿನ ಬ್ಯಾರಿ ಕುಟುಂಬ, ಮನೆಯಲ್ಲಿ ಎಲ್ಲರೂ ವ್ಯಾಪಾರದವರು. ನಾನು ಎಂ.ಎಸ್ಸಿ. ಮುಗಿಸಿ ಬಂದ ದಿನ ಉಮ್ಮ ನನ್ನ ಚೀಲ ಬಿಚ್ಚಿ ನೋಡಿ, ಕಲ್ಲು ಹೆಕ್ಕಲಿಕ್ಕೆ ಇಷ್ಟು ಓದಬೇಕಿತ್ತಾ ಅಂತ ಕೇಳಿದ್ದರು. ಅದಕ್ಕೆ ಸರಿಯಾದ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ.

ಇಲ್ಲಿ ಒಂದೇ ವರ್ಷದಲ್ಲಿ ಆದದ್ದನ್ನು ಹೇಳುತ್ತೇನೆ. ಆ ವರ್ಷ ನಮ್ಮ ವಿಭಾಗ ಉಳಿಯುತ್ತದೋ ಮುಚ್ಚುತ್ತದೋ ಎಂಬ ತೂಗುಯ್ಯಾಲೆಯಲ್ಲಿ ಇತ್ತು.

ಸೋಪಿನ ನೀರು

ಶಿಲೆಗಳಲ್ಲಿ ಮುಖ್ಯವಾಗಿ ಮೂರು ವಿಧ. ನಮ್ಮ ಪ್ರಯೋಗಾಲಯದಲ್ಲಿ ವಿಧಕ್ಕೊಂದು ಕಪಾಟು. ಭೂಮಿಯ ಒಳಗೆ ಕರಗಿದ ಕಲ್ಲಿನ ಪಾಕ ತಣಿದು ಗಟ್ಟಿಯಾದರೆ ಅದು ಅಗ್ನಿಶಿಲೆ. ಮೊದಲೇ ಇದ್ದ ಕಲ್ಲು ನೆಲದಾಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಬೇರೆಯೇ ಕಲ್ಲಾದರೆ ರೂಪಾಂತರ ಶಿಲೆ. ಮರಳು, ಕೆಸರು, ಚಿಪ್ಪು ನೀರಿನಡಿ ಪದರ ಪದರವಾಗಿ ಕೂತು, ಕಾಲ ಕಳೆದು ಬಿಗಿದುಕೊಂಡರೆ ಕಣಶಿಲೆ. ಮೊದಲಿನ ಎರಡು ಕಪಾಟು ತುಂಬಿ ಬಾಗಿಲು ಹಾಕಲಿಕ್ಕೇ ಆಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಎಲ್ಲಿ ಕಾಲಿಟ್ಟರೂ ಅವೇ. ಕಣಶಿಲೆ ಮಾತ್ರ ಇಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಆ ಕಪಾಟಿನಲ್ಲಿ ಇದ್ದದ್ದು ಒಂದೇ ತುಂಡು, ಕೆಸರು ಗಟ್ಟಿಯಾಗಿ ಆದ ಒಂದು ಮೆದು ಕಲ್ಲು. ನನಗೆ ಪಾಠ ಮಾಡಿದ ಗುರುಗಳು ಕೊಟ್ಟದ್ದು. ನಮ್ಮ ಅಟೆಂಡರ್ ಕೆಮ್ಮಣ್ಣು ಊರಿನವರು, ನಿವೃತ್ತಿಗೆ ಎರಡು ವರ್ಷ ಉಂಟು. ಹೇಳಿದ ಕೆಲಸಕ್ಕೆ ಇಲ್ಲ ಅಂದವರಲ್ಲ. ಹೇಳದಿದ್ದರೂ ಮಾಡುತ್ತಾರೆ, ಕಷ್ಟ ಇರುವುದೇ ಅಲ್ಲಿ. ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಬರುತ್ತದೆ ಅಂತ ಗೊತ್ತಾದದ್ದೇ ಅವರು ಕಲ್ಲುಗಳನ್ನೆಲ್ಲ ಬಕೆಟ್ಟಿಗೆ ಹಾಕಿ, ಸೋಪಿನ ಪುಡಿ ಸುರಿದು ನೆನೆಸಿಟ್ಟರು. ಮರುದಿನ ಬ್ರಶ್ಶು ಹಿಡಿದು ಒಂದೊಂದನ್ನೇ ಉಜ್ಜಿದರು. ಗುರುಗಳ ಕಲ್ಲು ಅವರ ಕೈಯಲ್ಲೇ ಕರಗಿ ಚರಂಡಿಗೆ ಹೋಯಿತು.

ಸಮಿತಿಯವರು ಬಂದು ಖಾಲಿ ಕಪಾಟು ನೋಡಿದರು. ಒಂದು ವರ್ಷದೊಳಗೆ ಕನಿಷ್ಠ ಐದು ಬಗೆಯ ಕಣಶಿಲೆ ಇರಬೇಕು, ಇಲ್ಲದಿದ್ದರೆ ವಿಭಾಗಕ್ಕೆ ಮಾನ್ಯತೆ ಇಲ್ಲ ಅಂತ ಬರೆದು ಹೋದರು. ಮಾನ್ಯತೆ ಹೋದರೆ ನಾನು ಪರೀಕ್ಷಾ ವಿಭಾಗದಲ್ಲಿ ಕೂತು ಹಾಲ್ ಟಿಕೆಟ್ ಹಂಚುವುದು, ಕಲ್ಲುಗಳು ಗೋಡೌನಿಗೆ ಹೋಗುವುದು. ಹೊರಗಿನಿಂದ ತರಿಸುವ ಅಂದರೆ, ಕಲ್ಲಿಗೂ ದುಡ್ಡು ಕೊಡುವುದಾ ಅಂತ ಪ್ರಿನ್ಸಿಪಾಲರಿಗೆ ಆಶ್ಚರ್ಯ. ಬೇಕಾದರೆ ಮನೆ ಕಟ್ಟುವ ಕೆಂಪು ಮುರಕಲ್ಲು ಇಡಿ, ಊರಿಡೀ ಉಂಟಲ್ಲ ಅಂದರು. ಮುರಕಲ್ಲು ಕಣಶಿಲೆ ಅಲ್ಲ, ಹಳೆಯ ಕಲ್ಲು ಮಳೆಗೆ ಬಿಸಿಲಿಗೆ ಸವೆದು ಉಳಿದದ್ದು ಅಂತ ಅವರಿಗೆ ತಿಳಿಸಿ ಹೇಳುವಾಗ ನನಗೆ ಅರ್ಧ ಅಳು, ಅರ್ಧ ಸಿಟ್ಟು.

ಆ ಸಿಟ್ಟನ್ನು ಅಟೆಂಡರ್ ಮೇಲೆ ತೀರಿಸಿಕೊಂಡೆ. ಕಲ್ಲು ಕರಗುವವರೆಗೆ ನಿಮಗೆ ಗೊತ್ತಾಗಲಿಲ್ಲವಾ ಅಂತ ಕೇಳಿದೆ. ಅವರು ತಲೆ ತಗ್ಗಿಸಿ ಹೇಳಿದರು: "ಕೊಳೆ ಹೋಗ್ತಾ ಉಂಟು ಅಂತ ಉಜ್ಜಿದೆ ಮೇಡಂ. ಕಡೆಗೆ ನೋಡಿದರೆ ಅದು ಪೂರಾ ಕೊಳೆಯೇ ಆಗಿತ್ತು."

ಸಂತೆಕಟ್ಟೆಯಲ್ಲಿ ನೀರು

ಹೀಗೆ ನನ್ನ ಕಣಶಿಲೆಯ ಬೇಟೆ ಸುರುವಾಯಿತು. ಸಂತೆಕಟ್ಟೆಯ ಒಬ್ಬರು ಮನೆಯ ಹಿಂದೆ ಬೋರ್‌ವೆಲ್ ತೆಗೆಸುವವರಿದ್ದರು. ಪಾಯಿಂಟ್ ತೋರಿಸಿ ಅಂತ ನನ್ನನ್ನು ಕರೆದರು. ನೀರು ನೋಡುವುದು ನನ್ನ ಕೆಲಸವಲ್ಲ. ಆದರೆ ಬೋರಿನಲ್ಲಿ ಅಡಿಯಿಂದ ಮೇಲೆ ಬರುವ ಪುಡಿಯಲ್ಲಿ ನನ್ನ ಅದೃಷ್ಟಕ್ಕೆ ಏನಾದರೂ ಸಿಕ್ಕೀತು ಎಂಬ ಆಸೆಗೆ ಹೋದೆ.

ಹೋಗಿ ನೋಡಿದರೆ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು ನೀರು ನೋಡುವವರೊಬ್ಬರು ಆಗಲೇ ಅಂಗಳದಲ್ಲಿ ನಡೆದಾಡುತ್ತಿದ್ದರು. ಕಾಯಿ ಎದ್ದು ನಿಂತ ಕಡೆ ಒಂದು ಗೂಟ ಹೊಡೆದರು. ನಾನು, ಮೇಲೆ ಮುರಕಲ್ಲು, ಅಡಿಯಲ್ಲಿ ಗಟ್ಟಿ ಬಂಡೆ, ಬಂಡೆಯ ಬಿರುಕಿನಲ್ಲಿ ಮಾತ್ರ ನೀರು ಅಂತ ವಿವರಿಸಿ, ಇಳಿಜಾರು ನೋಡಿ ಇನ್ನೊಂದು ಗೂಟ ಹೊಡೆದೆ. ಮನೆಯವರಿಗೆ ಯಾರನ್ನೂ ಬೇಜಾರು ಮಾಡಲಿಕ್ಕೆ ಮನಸ್ಸಿಲ್ಲ. ಎರಡೂ ಕಡೆ ತೆಗೆಸಿದರು. ಅವರ ಗೂಟದಲ್ಲಿ ಧೂಳು ಬಂತು. ನನ್ನ ಗೂಟದಲ್ಲಿ ಅದಕ್ಕಿಂತ ನುಣ್ಣಗಿನ ಧೂಳು ಬಂತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಚಾ ಕುಡಿದೆವು.

ಹೊರಡುವ ಮೊದಲು ಬೋರ್ ಲಾರಿಯವನು ತನ್ನ ಲೆಕ್ಕದಲ್ಲಿ ಮೂಲೆಯಲ್ಲೊಂದು ತೂತು ಕೊರೆದ. ನೀರು ಮನೆಯ ಮಾಡಿನ ಎತ್ತರಕ್ಕೆ ಹಾರಿತು. ನಾನು ಮತ್ತು ತೆಂಗಿನಕಾಯಿಯವರು ಒಟ್ಟಿಗೇ ಅವನ ಹತ್ತಿರ ಹೋಗಿ, ಅಲ್ಲೇ ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದೆವು. "ಎಂತ ಗೊತ್ತಾಗುವುದು ಮೇಡಂ. ಲಾರಿ ತಿರುಗಿಸಲಿಕ್ಕೆ ಜಾಗ ಇದ್ದದ್ದು ಅಲ್ಲಿ ಮಾತ್ರ."

ಇಟಲಿಯ ನೆಲ

ಮೊದಲ ಕಣಶಿಲೆ ಸಿಕ್ಕಿದ್ದು ಶಿರ್ವದಲ್ಲಿ. ಅಲ್ಲಿ ಒಂದು ಹಳೆಯ ಮನೆ ಒಡೆದು ಹೊಸತು ಕಟ್ಟಿದ್ದರು. ಹಳೆಯ ಅಡುಗೆಕೋಣೆಯ ಕಡಪ ಕಲ್ಲಿನ ತುಂಡುಗಳು ಅಂಗಳದ ಮೂಲೆಯಲ್ಲಿ ಬಿದ್ದಿವೆ ಅಂತ ಅಲ್ಲಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಹೇಳಿದಳು. ಕಡಪ ಕಲ್ಲು ಅಂದರೆ ಸುಣ್ಣಕಲ್ಲು, ಶುದ್ಧ ಕಣಶಿಲೆ. ನಾವು ಇಷ್ಟು ವರ್ಷ ಅದರ ಮೇಲೆ ಮೀನು ಕೊಯ್ದದ್ದು, ನಾನೂ ಸೇರಿ.

ಮನೆಯ ಯಜಮಾನ್ತಿ, ಎಲ್ಲರೂ ಬಾಯಿ ಅಂತ ಕರೆಯುವವರು, ಒಳ್ಳೆಯವರು. ಕೆಲಸಕ್ಕೆ ಬಾರದ ಕಲ್ಲು ಕೇಳಿಕೊಂಡು ಕಾಲೇಜಿನ ಟೀಚರ್ ಬಂದದ್ದು ನೋಡಿ ಅವರಿಗೆ ಪಾಪ ಅನಿಸಿರಬೇಕು, ಜ್ಯೂಸ್ ಕೊಟ್ಟು ಕೂರಿಸಿದರು. ಇದು ಸುಣ್ಣಕಲ್ಲು ಹೌದಾ ಅಂತ ಹೇಗೆ ಹೇಳುವುದು ಅಂತ ಕೇಳಿದರು. ನಾನು ಅವರದೇ ಲಿಂಬೆಹಣ್ಣು ಹಿಂಡಿ ಕಡಪ ಕಲ್ಲಿನ ಮೇಲೆ ಎರಡು ಹನಿ ಬಿಟ್ಟೆ. ಸಣ್ಣಗೆ ಗುಳ್ಳೆ ಎದ್ದಿತು. ಬಾಯಿಗೆ ಖುಷಿಯೋ ಖುಷಿ. ಅಮೃತಶಿಲೆಗೂ ಹೀಗೇ ಆಗುತ್ತದಾ ಅಂದರು. ನಾನು ಪಾಠ ಮಾಡುವ ಚಟದಲ್ಲಿ, ಹೌದು, ಇದೇ ಸುಣ್ಣಕಲ್ಲು ನೆಲದಾಳದಲ್ಲಿ ಬೆಂದರೆ ಅಮೃತಶಿಲೆ, ಅದಕ್ಕೂ ಗುಳ್ಳೆ ಬರಲೇಬೇಕು ಅಂದುಬಿಟ್ಟೆ.

ಹೊಸ ಮನೆಯ ನೆಲ ಇಟಾಲಿಯನ್ ಮಾರ್ಬಲ್ ಅಂತ ಇಡೀ ಶಿರ್ವಕ್ಕೆ ಗೊತ್ತಿತ್ತು. ಕುವೈಟಿನಿಂದ ಬಂದ ಯಜಮಾನರು ಮನೆಯೊಕ್ಕಲಿನ ದಿನ ಬಂದವರಿಗೆಲ್ಲ ಚಪ್ಪಲಿ ಹೊರಗೆ ಬಿಡಿಸಿ ಅದನ್ನೇ ಹೇಳಿದ್ದರಂತೆ. ನಾನು ಬೇಡ, ಕಲೆಯಾಗುತ್ತದೆ ಅನ್ನುವಷ್ಟರಲ್ಲಿ ಬಾಯಿ ಸೋಫಾ ಸರಿಸಿ, ಮೂಲೆಯಲ್ಲಿ ಅರ್ಧ ಲಿಂಬೆ ಹಿಂಡಿಯಾಗಿತ್ತು. ಒಳಗಿನಿಂದ ಬಂದ ಯಜಮಾನರೂ ಸೇರಿ ನಾವು ಮೂವರೂ ಬಗ್ಗಿ ನೋಡಿದೆವು. ಲಿಂಬೆರಸ ತನ್ನಷ್ಟಕ್ಕೆ ಅಲ್ಲೇ ಇತ್ತು. ಒಂದು ಗುಳ್ಳೆಯೂ ಇಲ್ಲ. ನಾನು ಮೇಲಿನ ಫ್ಯಾನು ನೋಡತೊಡಗಿದೆ.

ಬಾಯಿ ನಿಧಾನಕ್ಕೆ ತಲೆ ಎತ್ತಿ ಗಂಡನನ್ನು ನೋಡಿದರು. ಯಜಮಾನರು ಕರ್ಚೀಫಿನಲ್ಲಿ ನೆಲ ಒರೆಸುತ್ತಾ ನನಗೆ ವಿವರಿಸಿದರು: "ಇಟಲಿಯ ಕಲ್ಲಲ್ವಾ ಟೀಚರ್. ಅದಕ್ಕೆ ನಮ್ಮ ಊರಿನ ಲಿಂಬೆ ಹಿಡಿಯುವುದಿಲ್ಲ."

ಕಾರ್ಕಳದ ಎರಡು ವಿಧ

ಎರಡನೆಯ ವರ್ಷದ ಮಕ್ಕಳನ್ನು ಕಾರ್ಕಳಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕಲ್ಲು ಕೆತ್ತುವ ಒಬ್ಬ ಶಿಲ್ಪಿ ನನಗೆ ಹಳೆಯ ಪರಿಚಯ. ಅವರ ಶೆಡ್ಡಿನ ನೆರಳಿನಲ್ಲಿ ಮಕ್ಕಳನ್ನು ಕೂರಿಸಿ ಶಿಲೆಯ ಮೂರು ವಿಧದಿಂದ ಪಾಠ ಸುರು ಮಾಡಿದೆ. ಪಾಕ ಬೇಗ ತಣಿದರೆ ಕಲ್ಲಿನ ಹರಳು ಕಣ್ಣಿಗೆ ಕಾಣದಷ್ಟು ಸಣ್ಣ, ಆಳದಲ್ಲಿ ನಿಧಾನಕ್ಕೆ ತಣಿದರೆ ಕಲ್ಲುಸಕ್ಕರೆಯ ಹಾಗೆ ದಪ್ಪ, ಗ್ರಾನೈಟು ಹಾಗೆ ಆದದ್ದು ಅಂತ ಮುಕ್ಕಾಲು ಗಂಟೆ ಹೇಳಿದೆ. ಶಿಲ್ಪಿ ಕೆಲಸ ನಿಲ್ಲಿಸಿ ಗೌರವದಿಂದ ಕೇಳಿದರು.

ಕಡೆಗೆ ನಾನು ಅವರನ್ನೂ ಎರಡು ಮಾತು ಹೇಳಿ ಅಂದೆ. ಅವರು ಎದ್ದು ಒಂದು ಬಂಡೆಗೆ ಸುತ್ತಿಗೆಯಲ್ಲಿ ಟಣ್ ಅಂತ ತಟ್ಟಿದರು, ಪಕ್ಕದ್ದಕ್ಕೆ ತಟ್ಟಿದರು, ಅದು ಬೊದ್ ಅಂದಿತು. ಕಲ್ಲಿನಲ್ಲಿ ಎರಡೇ ಜಾತಿ ಮಕ್ಕಳೇ, ಉಳಿಯ ಮಾತು ಕೇಳುವುದು ಒಂದು, ಉಳಿಯನ್ನೇ ತಿನ್ನುವುದು ಇನ್ನೊಂದು ಅಂದು ಕೂತರು. ಅಷ್ಟೇ ಅವರ ಪಾಠ. ನಾವು ಹೊರಡುವಾಗ, ಉಳಿ ಮಸೆದು ಮಸೆದು ನಡು ಸವೆದ ಹಳೆಯ ಸಾಣೆಕಲ್ಲೊಂದನ್ನು ನನ್ನ ಕೈಗಿಟ್ಟರು. ಬಾದಾಮಿ ಕಡೆಯಿಂದ ಅವರ ತಂದೆ ತಂದದ್ದಂತೆ. ನೋಡಿದರೆ ಅಪ್ಪಟ ಮರಳುಗಲ್ಲು. ನನ್ನ ಎರಡನೆಯ ಕಣಶಿಲೆ. ಅಷ್ಟು ವರ್ಷ ದುಡಿದ ಕಲ್ಲನ್ನು ಅವರು ಹಾಗೆ ಕೊಟ್ಟದ್ದಕ್ಕೆ ನನಗೆ ಕಣ್ಣು ತುಂಬಿ ಬಂತು.

ಮುಂದಿನ ವಾರ ಕಿರುಪರೀಕ್ಷೆ ಇಟ್ಟೆ. ಶಿಲೆಗಳ ಮುಖ್ಯ ವಿಧಗಳು ಎಷ್ಟು, ಯಾವುವು ಎಂಬುದು ಮೊದಲ ಪ್ರಶ್ನೆ. ಇಪ್ಪತ್ತು ಮಕ್ಕಳಲ್ಲಿ ಹತ್ತೊಂಬತ್ತು ಮಂದಿ 'ಎರಡು' ಅಂತ ಬರೆದಿದ್ದರು. ನನ್ನ ಮುಕ್ಕಾಲು ಗಂಟೆ ಹೋಯಿತಲ್ಲ ಅಂತ ಸಂಕಟವಾಯಿತು. ಒಬ್ಬಳು ಮಾತ್ರ 'ಮೂರು' ಅಂತ ಬರೆದು ಮೂರನ್ನೂ ಚೆನ್ನಾಗಿ ವಿವರಿಸಿದ್ದಳು. ಕರೆದು ಬೆನ್ನು ತಟ್ಟಿದೆ, ಪಾಠ ನೀನೊಬ್ಬಳಾದರೂ ಕೇಳಿದೆಯಲ್ಲ ಅಂದೆ. ಅವಳು ಹೇಳಿದಳು: "ಇಲ್ಲ ಮಿಸ್, ಆ ದಿನ ನಾನು ರಜೆ."

ಕಾಪುವಿನಲ್ಲಿ ಏಳು ದಿನ

ಹಾಸ್ಟೆಲಿನಲ್ಲಿದ್ದ ಬಾಗಲಕೋಟೆ ಕಡೆಯ ಹುಡುಗಿ ರಜೆಗೆ ಹೋಗಿ ಬರುವಾಗ ಜೇಡಿಪದರದ ಒಂದು ಕಲ್ಲು ತಂದಳು. ಮೂರಾಯಿತು. ಇನ್ನು ನನಗೆ ಬೇಕಾದದ್ದು ಉಂಡೆಗಲ್ಲು, ಅಂದರೆ ಗುಂಡು ಗುಂಡಾದ ಜಲ್ಲಿಯೂ ಮರಳೂ ಒಟ್ಟಿಗೆ ಅಂಟಿಕೊಂಡು ಆದ ಕಣಶಿಲೆ.

ಮಕ್ಕಳೊಟ್ಟಿಗೆ ಕಾಪುವಿನ ದೀಪಸ್ತಂಭದ ಬುಡದ ಬಂಡೆಗಳನ್ನು ನೋಡಲಿಕ್ಕೆ ಹೋಗಿದ್ದೆ. ನಾನು ಹುಟ್ಟಿ ಬೆಳೆದ ಊರು, ಅಲ್ಲಿನ ಬಂಡೆ ಎಲ್ಲ ಗಟ್ಟಿ ಹಳೆಯ ಬಂಡೆ ಅಂತ ಗೊತ್ತು. ಆ ದಿನ ನೀರು ಇಳಿದಿತ್ತು. ಎರಡು ಬಂಡೆಗಳ ನಡುವೆ ಒಂದು ಹೊಸ ಕಲ್ಲು ಕಂಡಿತು. ಮರಳು, ಅದರೊಳಗೆ ಸಣ್ಣ ಸಣ್ಣ ಕಲ್ಲು, ಅಲ್ಲಲ್ಲಿ ಒಂದೊಂದು ಚಿಪ್ಪು. ನಮ್ಮದೇ ಊರಿನ ಕಡಲಿನಲ್ಲಿ ಉಂಡೆಗಲ್ಲು! ಇಷ್ಟು ವರ್ಷ ಇದರ ಮೇಲೆಯೇ ಓಡಾಡಿದ್ದೇನಲ್ಲ ಅಂತ ನನ್ನನ್ನು ನಾನೇ ಬೈದುಕೊಂಡೆ.

ಮಕ್ಕಳನ್ನು ಸುತ್ತ ನಿಲ್ಲಿಸಿ ಸಾವಕಾಶವಾಗಿ ವಿವರಿಸಿದೆ. ಹೊಳೆ ಕಲ್ಲನ್ನು ತಂದಿತು, ಕಡಲು ಮರಳು ಕೊಟ್ಟಿತು, ಸುಣ್ಣ ಕರಗಿದ ನೀರು ನಡುವೆ ಇಳಿದು ಎಲ್ಲವನ್ನೂ ಅಂಟಿಸಿತು, ಇಷ್ಟಾಗಲಿಕ್ಕೆ ಸಾವಿರಾರು ವರ್ಷ ಹಿಡಿಯಿತು ಅಂದೆ. ಮಕ್ಕಳು ಬರೆದುಕೊಂಡರು, ಫೋಟೋ ತೆಗೆದರು, ಒಬ್ಬ ಭಕ್ತಿಯಿಂದ ಅದನ್ನು ಮುಟ್ಟಿ ನೋಡಿದ.

ಪಕ್ಕದ ಬಂಡೆಯ ಮೇಲೆ ಗಾಳ ಹಾಕಿ ಕೂತಿದ್ದವರೊಬ್ಬರು ಇಡೀ ಪಾಠ ಕೇಳಿದ್ದರು. ಮೇಸ್ತ್ರಿ ಕೆಲಸದವರು, ನಮ್ಮ ಮನೆಯ ಕಾಂಪೌಂಡು ಕಟ್ಟಿದ್ದೂ ಅವರೇ. ನಾನು ಮುಗಿಸುವವರೆಗೆ ಮರ್ಯಾದೆಗೆ ಕಾದು, ಆಮೇಲೆ ಹತ್ತಿರ ಬಂದು ಸಣ್ಣ ಸ್ವರದಲ್ಲಿ ಹೇಳಿದರು: "ನೀವು ಹೇಳಿದ್ದೆಲ್ಲ ಸರಿಯೇ ಮೇಡಂ, ಮರಳು, ಜಲ್ಲಿ, ಅಂಟು, ನೀರು. ಹೋದ ವರ್ಷ ದೀಪಸ್ತಂಭದ ಮೆಟ್ಟಿಲು ಕಟ್ಟುವಾಗ ಉಳಿದ ಕಾಂಕ್ರೀಟು ನಾವೇ ಇಲ್ಲಿ ಸುರಿದದ್ದು. ಸಾವಿರ ವರ್ಷ ಎಲ್ಲ ಹಿಡಿಯಲಿಲ್ಲ, ಏಳು ದಿನ ನೀರು ಹಾಕಿದ್ದು ಅಷ್ಟೇ."

ಏಕಾದಶಿಯ ಮಜ್ಜಿಗೆ

ಕಡೆಗೆ ಉಂಡೆಗಲ್ಲನ್ನೂ ಆ ಬಾಗಲಕೋಟೆಯ ಹುಡುಗಿಯೇ ದೀಪಾವಳಿ ರಜೆಯಲ್ಲಿ ತಂದುಕೊಟ್ಟಳು. ನಾಲ್ಕಾಯಿತು. ಐದನೆಯದು ನನ್ನ ಮೂಗಿನ ಕೆಳಗೇ ಇತ್ತು. ಹಿಂದಿನ ಕಾಲದ ಕಡಲು ಬತ್ತಿ, ಉಪ್ಪು ಪದರವಾಗಿ ಉಳಿದು ಕಲ್ಲಾದದ್ದೇ ಸೈಂಧವ ಲವಣ. ಪುಸ್ತಕದ ಪ್ರಕಾರ ಅದೂ ಕಣಶಿಲೆಯೇ. ಉಡುಪಿಯ ಗ್ರಂಥಿಗೆ ಅಂಗಡಿಯಿಂದ ಲಿಂಬೆಹಣ್ಣಿನಷ್ಟು ದೊಡ್ಡ ಗಟ್ಟಿ ತಂದು, ಗಾಜಿನ ತಟ್ಟೆಯಲ್ಲಿಟ್ಟು, ಚೀಟಿ ಬರೆದು ಅಂಟಿಸಿದೆ. ಇದನ್ನು ಮಾತ್ರ ತೊಳೆಯಬೇಡಿ ಅಂತ ಅಟೆಂಡರ್‌ಗೆ ಮೂರು ಸಲ ಹೇಳಿದೆ.

ಈ ಕಲ್ಲಿನ ಗುರುತು ಹಿಡಿಯುವುದು ನಾಲಿಗೆಯಿಂದ. ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಪ್ರತಿಯೊಬ್ಬರೂ ನೆಕ್ಕಿ ನೋಡಿ, 'ರುಚಿ: ಉಪ್ಪು' ಅಂತ ರೆಕಾರ್ಡಿನಲ್ಲಿ ಬರೆಯುತ್ತಾರೆ. ನಮ್ಮ ಮಕ್ಕಳಿಗೆ ಭೂವಿಜ್ಞಾನದಲ್ಲಿ ಅಷ್ಟು ಆಸಕ್ತಿ ಬೇರೆ ಯಾವ ಕಲ್ಲಿನಲ್ಲೂ ನಾನು ಕಂಡಿಲ್ಲ. ನೆಲ್ಲಿಕಾಯಿ ತಂದ ದಿನ ಮತ್ತೆ ಮತ್ತೆ ಗುರುತು ಹಿಡಿಯುತ್ತಿದ್ದರು. ಸಮಿತಿ ಬರುವ ಹೊತ್ತಿಗೆ ಲಿಂಬೆಯಷ್ಟಿದ್ದದ್ದು ಅಡಿಕೆಯಷ್ಟಾಗಿತ್ತು. ಆದರೂ ಐದು ಅಂದರೆ ಐದು.

ಸಮಿತಿ ಬಂದದ್ದು ಏಕಾದಶಿಯ ದಿನ. ಅದು ನಮಗ್ಯಾರಿಗೂ ಹೊಳೆದಿರಲಿಲ್ಲ. ಪ್ರಿನ್ಸಿಪಾಲರು ಬಿಸಿ ಬಿಸಿ ಗೋಳಿಬಜೆ ತರಿಸಿದ್ದರು. ಘಟ್ಟದ ಮೇಲಿನಿಂದ ಬಂದ ಅಧ್ಯಕ್ಷರು, ಬಿಳಿ ಕೂದಲಿನ ಹಿರಿಯ ಪ್ರಾಧ್ಯಾಪಕರು, ತಟ್ಟೆಯನ್ನು ಹಾಗೇ ಹಿಂದೆ ದೂಡಿದರು. ಇವತ್ತು ಉಪವಾಸ, ನೀರು ಸಾಕು ಅಂದರು. ಸೆಕೆಯಲ್ಲಿ ಅವರ ಮುಖ ಬಾಡಿತ್ತು. ಪ್ರಿನ್ಸಿಪಾಲರು ಮಜ್ಜಿಗೆಯಾದರೂ ತೆಗೆದುಕೊಳ್ಳಿ ಅಂತ ಒತ್ತಾಯ ಮಾಡಿದರು. ಮಜ್ಜಿಗೆ ಆಗುತ್ತದೆ, ಆದರೆ ಇವತ್ತು ಸೈಂಧವ ಬಿಟ್ಟು ಬೇರೆ ಉಪ್ಪು ಮುಟ್ಟುವುದಿಲ್ಲ, ಅದು ಇಲ್ಲದಿದ್ದರೆ ತೊಂದರೆ ತೆಗೆದುಕೊಳ್ಳಬೇಡಿ ಅಂದರು. ನಾನು ಮೂಲೆಯಲ್ಲಿ ಫೈಲು ಜೋಡಿಸುತ್ತಿದ್ದೆ, ಮಾತಿನ ಮೇಲೆ ಗಮನ ಇರಲಿಲ್ಲ.

ಐದು ನಿಮಿಷದಲ್ಲಿ ನಮ್ಮ ಅಟೆಂಡರ್ ಒಂದು ದೊಡ್ಡ ಜಗ್ಗು ಮಜ್ಜಿಗೆ ಹಿಡಿದುಕೊಂಡು ಬಂದರು. ಶುಂಠಿ, ಕರಿಬೇವು ಎಲ್ಲ ಹಾಕಿತ್ತು. ಸೈಂಧವವೇ ತಾನೇ ಅಂತ ಅಧ್ಯಕ್ಷರು ಕೇಳಿದ್ದಕ್ಕೆ, ಹೌದು ಸರ್, ನಮ್ಮಲ್ಲೇ ಉಂಟು ಅಂದರು. ಅಧ್ಯಕ್ಷರು ಎರಡು ಲೋಟ ಕುಡಿದರು. ಮುಖದಲ್ಲಿ ಕಳೆ ಬಂತು. ಊರು ಅಂದರೆ ಉಡುಪಿ, ಇಂಥ ಅಚ್ಚುಕಟ್ಟು ಬೇರೆಲ್ಲೂ ಇಲ್ಲ ಅಂತ ಹೊಗಳಿದರು. ನಾನೂ ಒಂದು ಲೋಟ ಕುಡಿದೆ. ಒಳ್ಳೆಯ ಮಜ್ಜಿಗೆ.

ಪ್ರಯೋಗಾಲಯಕ್ಕೆ ಹೋದೆವು. ಅಗ್ನಿಶಿಲೆ ಆಯಿತು, ರೂಪಾಂತರ ಆಯಿತು. ಕಣಶಿಲೆಯ ಕಪಾಟು ತೆರೆದೆ. ಸುಣ್ಣಕಲ್ಲು, ಮರಳುಗಲ್ಲು, ಜೇಡಿಕಲ್ಲು, ಉಂಡೆಗಲ್ಲು. ಐದನೆಯ ಗಾಜಿನ ತಟ್ಟೆ ಖಾಲಿ. ಚೀಟಿ ಮಾತ್ರ ಇತ್ತು. ವರ್ಷವಿಡೀ ಊರೂರು ಅಲೆದದ್ದು ನೀರಿನಲ್ಲಿ ಹೋಮ ಆಯಿತಲ್ಲ, ನಾಳೆಯಿಂದ ಹಾಲ್ ಟಿಕೆಟ್ ಅಂತ ಅಂದುಕೊಂಡೆ. ಅಧ್ಯಕ್ಷರು ಕನ್ನಡಕ ಸರಿಮಾಡಿ ಚೀಟಿ ಓದಿ, ಈ ಕಲ್ಲು ಎಲ್ಲಿ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಟೆಂಡರ್ ವಿನಯದಿಂದ ಹೇಳಿದರು: "ಅದನ್ನು ನೀವು ಕುಡಿದಿರಿ ಸರ್."

ಅಧ್ಯಕ್ಷರು ಖಾಲಿ ತಟ್ಟೆ ನೋಡಿದರು. ಮಜ್ಜಿಗೆಗೆ ತೊಳೆದು ಹಾಕಿದಿರಾ ಅಂತ ಮೆಲ್ಲ ಕೇಳಿದರು. ಇಲ್ಲ, ತೊಳೆಯಬಾರದು ಅಂತ ಮೇಡಂ ಹೇಳಿದ್ದಾರೆ ಎಂಬ ಉತ್ತರ ಬಂತು. ಮಾತು ಬೇರೆ ಕಡೆ ತಿರುಗಿಸಲಿಕ್ಕೆ ಅವರು ಪಕ್ಕದಲ್ಲಿ ನಿಂತಿದ್ದ ವಿದ್ಯಾರ್ಥಿನಿಯನ್ನು, ಈ ಕಲ್ಲನ್ನು ಹೇಗೆ ಗುರುತಿಸುತ್ತೀಯಮ್ಮ ಅಂತ ಕೇಳಿದರು. ಅವಳು ಪಾಠ ಚೆನ್ನಾಗಿ ಕಲಿತವಳು. ನೆಕ್ಕಿ ನೋಡುತ್ತೇವೆ ಸರ್, ಇಡೀ ಕ್ಲಾಸು, ಪ್ರತಿ ವಾರ ಅಂದಳು. ಪ್ರಿನ್ಸಿಪಾಲರು ಮೆಲ್ಲ ಹೊರಗೆ ಹೋದರು. ಅವರು ಕುಡಿದದ್ದು ಮೂರು ಲೋಟ.

ಸಮಿತಿಯ ಇನ್ನೊಬ್ಬ ಸದಸ್ಯರು ಫೈಲು ಬಿಡಿಸಿಕೊಂಡು, ನಿಯಮದ ಪ್ರಕಾರ ಐದು ಬೇಕು, ಇಲ್ಲಿ ನಾಲ್ಕೇ ಇವೆ, ನಾಲ್ಕು ಅಂತ ಬರೆಯುತ್ತೇನೆ ಅಂದರು. ನಾನು ಕಣ್ಣು ಮುಚ್ಚಿಕೊಂಡೆ. ಅಧ್ಯಕ್ಷರು ಐದು ಅಂತಲೇ ಬರೆಯಿರಿ ಅಂದರು. ಐದನೆಯದು ಕಾಣುತ್ತಿಲ್ಲವಲ್ಲ ಸರ್ ಅಂತ ಸದಸ್ಯರು ರಾಗ ಎಳೆದರು. ಅಧ್ಯಕ್ಷರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೇಳಿದರು: "ಅದು ಎಲ್ಲಿದೆ ಅಂತ ನನಗೆ ಗೊತ್ತಿದೆ. ಬರೆಯಿರಿ."

ವಿಭಾಗ ಉಳಿಯಿತು. ತಿಂಗಳ ನಂತರ ವರದಿಯ ಪ್ರತಿ ಬಂತು. ಕಣಶಿಲೆಯ ಎದುರಿನ ಕಾಲಂನಲ್ಲಿ ಅಧ್ಯಕ್ಷರದ್ದೇ ಕೈಬರಹ: 'ಮಾದರಿಗಳು ಐದು. ನಾಲ್ಕನ್ನು ಕಣ್ಣಿನಿಂದಲೂ ಒಂದನ್ನು ನಾಲಿಗೆಯಿಂದಲೂ ಪರಿಶೀಲಿಸಲಾಗಿದೆ. ಐದನೆಯದರ ಗುಣಮಟ್ಟ ಉತ್ತಮ.'